ಕಾರ್ಡೂ ಸರಿ, ಎಸ್‌ಎಂಪಿಎಸ್ಸೂ ಸರಿ. ನಡುವೆ ಇರುವ ರೈಸರ್ ನೋಡಿದಿರಾ?

ಈ ಸಲ ಬಂದ ಪ್ರಶ್ನೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಕೇಳಿದವರು ಬೇರೆ ಬೇರೆ ಊರಿನವರು. ಒಬ್ಬರಿಗೆ ಪರದೆ ಕಪ್ಪಾಗುತ್ತದೆ, ಇನ್ನೊಬ್ಬರಿಗೆ ಪ್ಲಗ್ ಸುಟ್ಟಿದೆ, ಮತ್ತೊಬ್ಬರಿಗೆ ಹಾಕಿದ ಡ್ರೈವ್ ಕಾಣುತ್ತಿಲ್ಲ. ಆದರೆ ಎಲ್ಲರ ತೊಂದರೆಯೂ ಮದರ್‌ಬೋರ್ಡ್‌ಗೂ ಕಾರ್ಡ್‌ಗೂ ನಡುವೆಯೇ ಇದೆ: ರೈಸರ್ (ಕಾರ್ಡನ್ನು ಸ್ಲಾಟ್‌ನಿಂದ ದೂರ ಇಡಲು ನಡುವೆ ಹಾಕುವ ಜೋಡಣೆ), ಅಡಾಪ್ಟರ್, ಇಲ್ಲವೇ ಕೇಬಲ್. ಹಾಗಾಗಿ ಎಲ್ಲಕ್ಕೂ ಒಟ್ಟಿಗೇ ಉತ್ತರ ಕೊಡುತ್ತಿದ್ದೇನೆ.

ಪ್ರಶ್ನೆ: ಸರ್, ಮೂರು ತಿಂಗಳ ಹಿಂದೆ ಹೊಸ ಪಿಸಿ ಜೋಡಿಸಿದೆ. ಗಾಜಿನ ಕ್ಯಾಬಿನೆಟ್. ಗ್ರಾಫಿಕ್ಸ್ ಕಾರ್ಡ್ ಚೆನ್ನಾಗಿ ಕಾಣಲಿ ಅಂತ ರೈಸರ್ ಕೇಬಲ್ ಹಾಕಿ ನೆಟ್ಟಗೆ ನಿಲ್ಲಿಸಿದ್ದೇನೆ. ಸುಮ್ನೆ ಬ್ರೌಸರ್ ನೋಡುವಾಗ ಏನೂ ಆಗಲ್ಲ. ಗೇಮ್ ಶುರುಮಾಡಿ ಹತ್ತು ನಿಮಿಷಕ್ಕೆ ಪರದೆ ಕಪ್ಪಾಗುತ್ತದೆ, ಫ್ಯಾನ್ ಜೋರಾಗಿ ತಿರುಗುತ್ತದೆ. ಬಟನ್ ಒತ್ತಿಹಿಡಿದೇ ಆಫ್ ಮಾಡಬೇಕು. ಕಾರ್ಡ್ ಆರ್‌ಟಿಎಕ್ಸ್ 4060. ಅಂಗಡಿಯವರು 650 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ) ಸಾಲದು, 850 ಹಾಕಿಸಿ ಅಂತಾರೆ. ಹಾಕಿಸಲಾ? (ಓದುಗರು, ದಾವಣಗೆರೆ)

ಉತ್ತರ: ಬೇಡ, ದುಡ್ಡು ಜೇಬಿನಲ್ಲೇ ಇರಲಿ. 4060 ಪೂರ್ತಿ ಬೆವರು ಸುರಿಸಿದರೂ ಎಳೆಯುವುದು 115 ವ್ಯಾಟ್ ಆಸುಪಾಸು. ಒಳ್ಳೆಯ ಕಂಪನಿಯ 650 ವ್ಯಾಟ್ ಅದಕ್ಕೆ ಧಾರಾಳವಾಯಿತು.

ಮೊದಲು ಖರ್ಚಿಲ್ಲದ ಪರೀಕ್ಷೆ ಮಾಡಿ. ರೈಸರ್ ಬಿಚ್ಚಿಡಿ, ಕಾರ್ಡನ್ನು ನೇರವಾಗಿ ಮದರ್‌ಬೋರ್ಡ್ ಸ್ಲಾಟ್‌ಗೆ ಹಾಕಿ. ಕ್ಯಾಬಿನೆಟ್ ಬಾಗಿಲು ತೆರೆದೇ ಇರಲಿ, ಅಂದಚೆಂದ ಆಮೇಲೆ. ಅದೇ ಗೇಮನ್ನು ಒಂದು ಗಂಟೆ ಆಡಿ. ಪರದೆ ಕಪ್ಪಾಗದಿದ್ದರೆ ತಪ್ಪು ಎಸ್‌ಎಂಪಿಎಸ್‌ನದಲ್ಲ, ರೈಸರ್‌ನದು.

ಆಮೇಲೆ ಆ ಕೇಬಲ್‌ನ ತುದಿಯಲ್ಲೋ ಡಬ್ಬದ ಮೇಲೋ 3.0 ಅಂತ ಇದೆಯಾ, 4.0 ಅಂತ ಇದೆಯಾ ನೋಡಿ. ನನ್ನ ಊಹೆ, 3.0. ಅದು ಪಿಸಿಐ ಎಕ್ಸ್‌ಪ್ರೆಸ್‌ನ, ಅಂದರೆ ಕಾರ್ಡೂ ಮದರ್‌ಬೋರ್ಡೂ ಮಾತಾಡುವ ದಾರಿಯ, ಪೀಳಿಗೆ. ಮೂರನೆಯದು ಬಂದದ್ದು 2010ರಲ್ಲಿ. ಅದರಲ್ಲಿ ಒಂದೊಂದು ಲೇನ್ (ಆ ದಾರಿಯ ಒಂದು ಸಾಲು) ಸೆಕೆಂಡಿಗೆ 800 ಕೋಟಿ ಸಲ ಸಿಗ್ನಲ್ ಬದಲಿಸುತ್ತದೆ. 2017ರ ನಾಲ್ಕನೇ ಪೀಳಿಗೆಯಲ್ಲಿ ಅದು 1,600 ಕೋಟಿ ಆಯಿತು, 2019ರ ಐದನೆಯದರಲ್ಲಿ 3,200 ಕೋಟಿ. ವೇಗ ಏರಿದಷ್ಟೂ ಸಿಗ್ನಲ್ ತಂತಿಯಲ್ಲೇ ಕರಗಿಹೋಗುವುದು ಜಾಸ್ತಿ. ಸ್ಲಾಟ್‌ಗೆ ನೇರ ಕೂತ ಕಾರ್ಡ್‌ಗೆ ಒಂದೇ ಜೋಡಣೆ. ರೈಸರ್ ಹಾಕಿದರೆ ಜೋಡಣೆ ಎರಡಾಗುತ್ತದೆ, ನಡುವೆ ಒಂದು ಗೇಣು ತಂತಿ ಬೇರೆ.

ಇಲ್ಲಿ ತಮಾಷೆ ಏನೆಂದರೆ, ರೈಸರ್ ಕೇಬಲ್ ಮೂಕ. ಕಂಪ್ಯೂಟರ್ ಆನ್ ಆದಾಗ ಕಾರ್ಡೂ ಮದರ್‌ಬೋರ್ಡೂ ಯಾವ ವೇಗದಲ್ಲಿ ಹೋಗೋಣ ಅಂತ ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಳ್ಳುತ್ತವೆ. ಇಬ್ಬರೂ ನಾಲ್ಕನೇ ಪೀಳಿಗೆಯವರು, ಹಾಗಾಗಿ 4.0 ಅಂತ ತೀರ್ಮಾನ. ‘ನನ್ನಿಂದ ಅಷ್ಟು ಆಗಲ್ಲ’ ಅಂತ ಹೇಳಲು ಕೇಬಲ್‌ನೊಳಗೆ ಯಾವ ಚಿಪ್ಪೂ ಇಲ್ಲ. ಬಸ್ಸಿನವರಿಬ್ಬರೂ ನೂರರಲ್ಲಿ ಓಡಿಸೋಣ ಅಂತ ಒಪ್ಪಿಕೊಂಡರು, ಹಳೇ ಸೇತುವೆಯನ್ನು ಯಾರೂ ಕೇಳಲಿಲ್ಲ, ಹಾಗೆ. ಬ್ರೌಸರ್ ನೋಡುವಾಗ ಕಾರ್ಡ್ ವಿದ್ಯುತ್ ಉಳಿಸಲು ತಾನೇ ಕೆಳಗಿನ ವೇಗಕ್ಕೆ ಇಳಿದಿರುತ್ತದೆ, ಹಾಗಾಗಿ ಸೇತುವೆ ತಡೆಯುತ್ತದೆ. ಗೇಮ್ ಶುರುವಾದ ಮೇಲೆ ಪೂರ್ತಿ ವೇಗ, ಆಗ ತಪ್ಪುಗಳು ಗುಡ್ಡೆ ಬೀಳುತ್ತವೆ.

ಈ ತಪ್ಪುಗಳನ್ನು ಕಣ್ಣಾರೆ ನೋಡಬಹುದು. ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ತೆರೆದು, ಸಿಸ್ಟಮ್ ಲಾಗ್‌ನಲ್ಲಿ ‘ಡಬ್ಲ್ಯುಎಚ್‌ಇಎ-ಲಾಗರ್’ ಅಂತ ಹುಡುಕಿ. ಐಡಿ 17 ಇರುವ ಹಳದಿ ಎಚ್ಚರಿಕೆಗಳು ಸಾಲುಸಾಲಾಗಿದ್ದು, ಒಳಗೆ ಪಿಸಿಐ ಎಕ್ಸ್‌ಪ್ರೆಸ್ ರೂಟ್ ಪೋರ್ಟ್ ಹೆಸರು ಇದ್ದರೆ ಬೇರೆ ಸಾಕ್ಷಿ ಬೇಕಿಲ್ಲ.

ಪರಿಹಾರ ಎರಡು ನಿಮಿಷದ್ದು. ಬಯೋಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್) ಹೋಗಿ, ಗ್ರಾಫಿಕ್ಸ್ ಸ್ಲಾಟ್‌ನ ಲಿಂಕ್ ಸ್ಪೀಡ್ ಅನ್ನು ‘ಆಟೊ’ದಿಂದ ‘ಜೆನ್ 3’ಕ್ಕೆ, ಅಂದರೆ 3.0ಕ್ಕೆ ಬದಲಿಸಿ, ಸೇವ್ ಮಾಡಿ. ಕೆಲವರಿಗೆ ರೈಸರ್ ಹಾಕಿದರೆ ಪರದೆಯೇ ಬರುವುದಿಲ್ಲ, ಬಯೋಸ್‌ಗೆ ಹೋಗುವುದಾದರೂ ಹೇಗೆ? ಆಗ ಕಾರ್ಡನ್ನು ನೇರ ಸ್ಲಾಟ್‌ಗೆ ಹಾಕಿ ಬದಲಿಸಿಕೊಂಡು, ಆಮೇಲೆ ರೈಸರ್‌ಗೆ ವಾಪಸ್ ಹಾಕಿ. ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದ್ದರೆ ಮಾನಿಟರ್ ಕೇಬಲನ್ನು ಮದರ್‌ಬೋರ್ಡ್‌ಗೆ ಚುಚ್ಚಿದರೂ ನಡೆಯುತ್ತದೆ. ಒಂದು ಮಾತು ನೆನಪಿಡಿ: ಬಯೋಸ್ ಅಪ್‌ಡೇಟ್ ಮಾಡಿದರೆ, ಇಲ್ಲವೇ ಬೋರ್ಡ್‌ನ ಬಟನ್ ಸೆಲ್ ಬದಲಿಸಿದರೆ, ಈ ಸೆಟ್ಟಿಂಗ್ ಮತ್ತೆ ‘ಆಟೊ’ಗೆ ಮರಳಬಹುದು. ಆರು ತಿಂಗಳಾದ ಮೇಲೆ ಅದೇ ತೊಂದರೆ ಬಂತು ಅಂತ ಗಾಬರಿಯಾಗಬೇಡಿ.

ವೇಗ ಕಮ್ಮಿಯಾಗಲ್ವಾ? ಆಗುತ್ತದೆ, ಆದರೆ ನಿಮಗೆ ಗೊತ್ತಾಗುವುದು ಕಷ್ಟ. 4060 ನೋಡಲು 16 ಲೇನಿನ ಕಾರ್ಡಿನ ಹಾಗಿದ್ದರೂ ಬಳಸುವುದು 8 ಲೇನ್ ಮಾತ್ರ. ಜೆನ್ 4ರಲ್ಲಿ ಸೆಕೆಂಡಿಗೆ ಸುಮಾರು 16 ಜಿಬಿ ಸಾಗುತ್ತಿದ್ದದ್ದು ಜೆನ್ 3ರಲ್ಲಿ 8 ಜಿಬಿ ಆಗುತ್ತದೆ. ಕಾರ್ಡ್‌ನ 8 ಜಿಬಿ ಮೆಮೊರಿಯೊಳಗೆ ಗೇಮ್ ಹಿಡಿಸುವವರೆಗೆ ವ್ಯತ್ಯಾಸ ಅಷ್ಟಕ್ಕಷ್ಟೇ. ಮೆಮೊರಿ ತುಂಬಿ ತುಳುಕುವ ಹೊಸ ಗೇಮ್‌ಗಳಲ್ಲಿ ಮಾತ್ರ ತಡವರಿಸಬಹುದು, ಆಗ ಟೆಕ್ಸ್‌ಚರ್ ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸಿ. 6500 ಎಕ್ಸ್‌ಟಿ ಥರದ 4 ಲೇನಿನ ಕಾರ್ಡ್ ಆಗಿದ್ದರೆ ನಾನು ಈ ಸಲಹೆ ಕೊಡುತ್ತಿರಲಿಲ್ಲ. ಅದಕ್ಕೆ ಜೆನ್ 3 ನಿಜವಾಗಿಯೂ ಏಟು. 4.0 ರೈಸರೇ ಕೊಳ್ಳುವುದಾದರೆ, ಒಂದೊಂದು ಜೋಡಿ ತಂತಿಗೂ ಪ್ರತ್ಯೇಕ ಕವಚ ಇರುವುದನ್ನು ತಗೊಳ್ಳಿ, ಉದ್ದ ಎಷ್ಟು ಬೇಕೋ ಅಷ್ಟೇ ಇರಲಿ. ಮಡಿಸಿದ ಇಸ್ತ್ರಿ ಬಟ್ಟೆಯ ಹಾಗೆ ಗೆರೆ ಬೀಳುವಂತೆ ಬಗ್ಗಿಸಬೇಡಿ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ಕಾರ್ಡ್‌ನ ಫ್ಯಾನ್ ಗಾಜಿಗೆ ಎಷ್ಟು ಹತ್ತಿರ ಇದೆ? ಎರಡು ಬೆರಳು ತೂರದಿದ್ದರೆ ಬೇಸಿಗೆಯಲ್ಲಿ ಇನ್ನೊಂದು ಪ್ರಶ್ನೆ ಕಳಿಸುತ್ತೀರಿ.

ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಹಳೇ ಮೈನಿಂಗ್ (ಕ್ರಿಪ್ಟೊ ಹಣ ಗಳಿಸುವ ಲೆಕ್ಕಾಚಾರ) ರೈಸರ್‌ಗಳು ತೀರಾ ಅಗ್ಗಕ್ಕೆ ಸಿಕ್ಕವು, ನೀಲಿ ಯುಎಸ್‌ಬಿ ಕೇಬಲ್ ಇರುವಂಥವು. ಒಂದು ಆರ್‌ಟಿಎಕ್ಸ್ 3060, ಎರಡು ಹಳೇ ಜಿಟಿಎಕ್ಸ್ 1050 ಟಿಐ ಸೇರಿಸಿ ಬ್ಲೆಂಡರ್ (3ಡಿ ಚಿತ್ರದ ಸಾಫ್ಟ್‌ವೇರ್) ರೆಂಡರ್‌ಗೂ, ಮನೆಯಲ್ಲೇ ಎಐ ಮಾಡೆಲ್ ಓಡಿಸಲೂ ಬಳಸುತ್ತಿದ್ದೆ. ನಿನ್ನೆ ಸುಟ್ಟ ವಾಸನೆ. ನೋಡಿದರೆ ಒಂದು ರೈಸರ್‌ನ ಸಾಟಾ ಪ್ಲಗ್ ಕರಗಿ ಕಂದಾಗಿದೆ. ಅದು 1050 ಟಿಐದು! ದೊಡ್ಡ ಕಾರ್ಡ್‌ಗೆ ಏನೂ ಆಗಿಲ್ಲ, ಸಣ್ಣದಕ್ಕೆ ಯಾಕೆ ಹೀಗಾಯಿತು? (ಓದುಗರು, ಮೈಸೂರು)

ಉತ್ತರ: ಸಣ್ಣದು ಅನ್ನುವ ಕಾರಣಕ್ಕೇ ಹಾಗಾಯಿತು. ಮೊದಲು ಎಲ್ಲ ಪ್ಲಗ್ ಕಿತ್ತಿಡಿ, ಆಮೇಲೆ ಓದಿ.

ಗ್ರಾಫಿಕ್ಸ್ ಕಾರ್ಡ್‌ಗೆ ಕರೆಂಟ್ ಎರಡು ಕಡೆಯಿಂದ ಬರುತ್ತದೆ. ಒಂದು, ಎಸ್‌ಎಂಪಿಎಸ್‌ನಿಂದ ನೇರ ಬರುವ 6 ಪಿನ್ ಅಥವಾ 8 ಪಿನ್ ಕೇಬಲ್. ಇನ್ನೊಂದು, ಸ್ಲಾಟ್. ಸ್ಲಾಟ್‌ನಿಂದ ಒಟ್ಟು 75 ವ್ಯಾಟ್ ತನಕ ಎಳೆಯಲು ಅನುಮತಿ ಇದೆ. ಅದರಲ್ಲಿ 12 ವೋಲ್ಟ್ ಪಾಲು 5.5 ಆಂಪ್, ಅಂದರೆ 66 ವ್ಯಾಟ್. ನಿಮ್ಮ 3060ಗೆ ತನ್ನದೇ 8 ಪಿನ್ ಇದೆ, ಅದು ಜಾಸ್ತಿ ಕರೆಂಟನ್ನು ಅಲ್ಲಿಂದಲೇ ತಗೊಳ್ಳುತ್ತದೆ. 1050 ಟಿಐಗೆ ಪವರ್ ಪ್ಲಗ್ಗೇ ಇಲ್ಲ ಅಲ್ವಾ? ಅದರ 75 ವ್ಯಾಟ್ ಅಷ್ಟೂ ಸ್ಲಾಟ್‌ನಿಂದಲೇ ಬರಬೇಕು. ನಿಮ್ಮಲ್ಲಿ ಸ್ಲಾಟ್ ಅಂದರೆ ರೈಸರ್, ರೈಸರ್ ಅಂದರೆ ಆ ಸಾಟಾ ಪ್ಲಗ್.

ಈಗ ಸಾಟಾ ಪ್ಲಗ್‌ನ ಲೆಕ್ಕ. ಅದರಲ್ಲಿ 12 ವೋಲ್ಟ್‌ಗೆ ಮೂರು ಪಿನ್, ಒಂದೊಂದು ಪಿನ್‌ಗೆ 1.5 ಆಂಪ್. ಒಟ್ಟು 4.5 ಆಂಪ್, ಅಂದರೆ 54 ವ್ಯಾಟ್. ಅದು ಹಾರ್ಡ್ ಡಿಸ್ಕ್‌ಗೆ ಅಂತ ಮಾಡಿದ ಪ್ಲಗ್, ಡಿಸ್ಕ್‌ಗೆ ಇಷ್ಟು ಬೇಕಾದಷ್ಟಾಯಿತು. ಅದರಿಂದ ಗಂಟೆಗಟ್ಟಲೆ 66 ವ್ಯಾಟ್ ಎಳೆದರೆ ಪಿನ್ ಬಿಸಿಯಾಗುತ್ತದೆ, ಬಿಸಿಯಾದ ಪಿನ್ ಸಡಿಲವಾಗುತ್ತದೆ, ಸಡಿಲವಾದದ್ದು ಇನ್ನೂ ಬಿಸಿಯಾಗುತ್ತದೆ. ನನ್ನ ಬೆಂಚಿಗೆ ಹೀಗೇ ಒಂದು ಪಿಸಿ ಬಂದಿತ್ತು. ಪ್ಲಗ್ ಎಳೆದರೆ ಬರಲೊಲ್ಲದು, ಪ್ಲಾಸ್ಟಿಕ್ ಪಿನ್ನಿಗೆ ಅಂಟಿಕೊಂಡಿತ್ತು. ಹಳದಿ ವೈರನ್ನು ಬೆರಳಲ್ಲಿ ಹಿಡಿದು ಬಗ್ಗಿಸಿದೆ, ಅದರ ಹೊದಿಕೆ ಒಣಗಿದ ಹುಣಸೆ ಸಿಪ್ಪೆಯ ಹಾಗೆ ಪುಡಿಪುಡಿಯಾಗಿ ಉದುರಿತು. ಒಳಗೆ ತಾಮ್ರ ಬೆತ್ತಲೆ. ಪಕ್ಕದಲ್ಲೇ ಕಪ್ಪು ವೈರ್. ಅವತ್ತು ಅದು ಶಾರ್ಟ್ ಆಗದೆ ಉಳಿದದ್ದು ಅವರ ಪುಣ್ಯ.

ರೈಸರ್‌ನಲ್ಲಿ ಹೋಗುವುದು ಎರಡು: ಮಾತು ಮತ್ತು ಕರೆಂಟ್. ದಾವಣಗೆರೆಯವರದ್ದು ಮಾತಿನ ತೊಂದರೆ, ಕಂಪ್ಯೂಟರ್ ನಿಂತುಹೋಗುತ್ತದೆ ಅಷ್ಟೇ. ನಿಮ್ಮದು ಕರೆಂಟಿನದು, ಇಲ್ಲಿ ಮನೆಯೇ ಹೊಗೆಯಾಗಬಹುದು. ಹೊಸ ಮಾಲಿಗೂ ಇದು ತಪ್ಪಿದ್ದಲ್ಲ. 2021ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಎನ್‌ಝಡ್‌ಎಕ್ಸ್‌ಟಿ ಕಂಪನಿಯ ಎಚ್1 ಅನ್ನುವ ಪುಟ್ಟ ಕ್ಯಾಬಿನೆಟ್‌ಗಳನ್ನು, ಸುಮಾರು 32 ಸಾವಿರ, ವಾಪಸ್ ಕರೆಯಬೇಕಾಯಿತು. ಕಾರಣ ರೈಸರನ್ನು ಬಿಗಿದ ಎರಡು ಸ್ಕ್ರೂ. ಅವು ರೈಸರ್ ಬೋರ್ಡಿನೊಳಗಿನ 12 ವೋಲ್ಟ್ ಪದರವನ್ನು ಮುಟ್ಟಿ ಶಾರ್ಟ್ ಆಗಿ ಬೆಂಕಿ ಹತ್ತುವ ಅಪಾಯ ಇತ್ತು. ಮೊದಲು ಪ್ಲಾಸ್ಟಿಕ್ ಸ್ಕ್ರೂ ಕಳಿಸಿಕೊಟ್ಟರು, ಅದು ಸಾಲದು ಅಂತಾಗಿ ಕೊನೆಗೆ ರೈಸರನ್ನೇ ಬದಲಿಸಿದರು.

ನಿಮ್ಮ ರೈಸರ್‌ಗೆ ಬರೋಣ. ಇವು ಮೈನಿಂಗ್‌ನವರ ಸಾಮಾನು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ ನಿಂತ ಮೇಲೆ ರಾಶಿರಾಶಿ ಮಾರುಕಟ್ಟೆಗೆ ಬಂದವು. ವರ್ಷಗಟ್ಟಲೆ ಹಗಲೂ ರಾತ್ರಿ ಉರಿದವು ಅವು. ಕೊಳ್ಳುವುದು ತಪ್ಪಲ್ಲ, ನೋಡಿ ಕೊಳ್ಳಬೇಕು. ಬೋರ್ಡ್ ಮೇಲೆ ಕಂದು ಕಲೆ ಇದ್ದರೆ, ಕೆಪಾಸಿಟರ್ ತಲೆ ಉಬ್ಬಿದ್ದರೆ ಬಿಟ್ಟುಬಿಡಿ. 6 ಪಿನ್ ಸಾಕೆಟ್ ಇರುವ ರೈಸರನ್ನೇ ಆರಿಸಿ, ಅದಕ್ಕೆ ಎಸ್‌ಎಂಪಿಎಸ್‌ನ ಗ್ರಾಫಿಕ್ಸ್ ಕೇಬಲನ್ನೇ ನೇರ ಹಾಕಿ. ಜೊತೆಗೆ ಕೊಡುವ ಸಾಟಾದಿಂದ 6 ಪಿನ್‌ಗೆ ಹೋಗುವ ಗಿಡ್ಡ ತಂತಿಯನ್ನು ಕತ್ತರಿಸಿ ಬಿಸಾಡಿ. ಸುಮ್ನೆ ಇಟ್ಟರೆ ಮನೆಯಲ್ಲಿ ಇನ್ಯಾರಾದರೂ ಬಳಸಿಬಿಡುತ್ತಾರೆ. ಕೆಲವು ರೈಸರ್‌ಗಳಲ್ಲಿ ಮೂರು ಥರದ ಸಾಕೆಟ್ ಇರುತ್ತದೆ, ಒಂದಕ್ಕೆ ಮಾತ್ರ ಹಾಕಿ. ಎರಡು ಎಸ್‌ಎಂಪಿಎಸ್ ಬಳಸುತ್ತಿದ್ದರೆ, ಒಂದು ಕಾರ್ಡ್ ಮತ್ತು ಅದರ ರೈಸರ್ ಎರಡಕ್ಕೂ ಒಂದೇ ಎಸ್‌ಎಂಪಿಎಸ್‌ನಿಂದ ಕೊಡಿ.

ಹಾಗಂತ ಕೆಲಸಕ್ಕೆ ಬಾರದ ಸಾಮಾನೂ ಅಲ್ಲ. ಇದು ಒಂದೇ ಲೇನಿನ ರೈಸರ್. ಜೆನ್ 2ರಲ್ಲಿ ಓಡಿದರೆ ಸೆಕೆಂಡಿಗೆ 500 ಎಂಬಿ. 3060ಯ 12 ಜಿಬಿ ಮೆಮೊರಿ ತುಂಬಲು ಕಮ್ಮಿ ಅಂದರೂ 24 ಸೆಕೆಂಡ್ ಬೇಕು. ಬ್ಲೆಂಡರ್‌ನಲ್ಲಿ ದೃಶ್ಯ ಒಂದು ಸಲ ಕಾರ್ಡ್‌ಗೆ ಹೋದ ಮೇಲೆ ಅದು ತನ್ನ ಪಾಡಿಗೆ ಲೆಕ್ಕ ಮಾಡುತ್ತದೆ, ಹಾಗಾಗಿ ತೊಂದರೆ ಇಲ್ಲ. ಎಐ ಮಾಡೆಲ್‌ನ ಪದರಗಳನ್ನು ಕಾರ್ಡ್‌ಗಳಿಗೆ ಹಂಚಿ ಉತ್ತರ ಪಡೆಯುವಾಗಲೂ ಕಾರ್ಡ್‌ನಿಂದ ಕಾರ್ಡ್‌ಗೆ ಹೋಗುವುದು ಸ್ವಲ್ಪವೇ, ನಡೆಯುತ್ತದೆ. ಮಾಡೆಲ್‌ಗೆ ತರಬೇತಿ ಕೊಡಲು, ಗೇಮ್ ಆಡಲು ಈ ದಾರಿ ಬೇಡ.

ಪ್ರಶ್ನೆ: ಅದೇ ಥರದ ರೈಸರ್. ಮದರ್‌ಬೋರ್ಡ್‌ನಲ್ಲಿ ಸ್ಲಾಟ್ ಖಾಲಿ ಇಲ್ಲ. ನೀಲಿ ಕೇಬಲನ್ನು ಲ್ಯಾಪ್‌ಟಾಪ್‌ನ ಯುಎಸ್‌ಬಿಗೆ ಚುಚ್ಚಿದರೆ ಆಗಲ್ವಾ? (ಓದುಗರು, ಕುಂದಾಪುರ)

ಉತ್ತರ: ಆಗಲ್ಲ, ಪ್ರಯತ್ನವನ್ನೂ ಮಾಡಬೇಡಿ. ಅಗ್ಗವಾಗಿ ಎಲ್ಲೆಡೆ ಸಿಗುತ್ತದೆ ಅಂತ ಆ ಕೇಬಲನ್ನು ಎರವಲು ಪಡೆದಿದ್ದಾರೆ ಅಷ್ಟೇ. ಒಳಗೆ ಹರಿಯುವುದು ಪಿಸಿಐ ಎಕ್ಸ್‌ಪ್ರೆಸ್ ಸಿಗ್ನಲ್, ಯುಎಸ್‌ಬಿಯದಲ್ಲ. ಕಾರ್ಡ್ ಎದ್ದೇಳುವುದಿಲ್ಲ, ಲ್ಯಾಪ್‌ಟಾಪ್‌ನ ಪೋರ್ಟ್ ಮಲಗಬಹುದು. ಲ್ಯಾಪ್‌ಟಾಪ್‌ನಲ್ಲಿ ಥಂಡರ್‌ಬೋಲ್ಟ್ ಪೋರ್ಟ್ ಇದ್ದರೆ ಗ್ರಾಫಿಕ್ಸ್ ಕಾರ್ಡ್ ಕೂರಿಸಲು ಬೇರೆಯೇ ಡಬ್ಬ ಸಿಗುತ್ತದೆ. ದುಬಾರಿ.

ಪ್ರಶ್ನೆ: ನಮ್ಮದು ಮದುವೆ ಫೋಟೊ, ವಿಡಿಯೊ ಸ್ಟುಡಿಯೊ. ಜಾಗ ಸಾಲದೆ ನಾಲ್ಕು ಎಂ.2 ಎಸ್‌ಎಸ್‌ಡಿ (ಪಟ್ಟಿಯಂಥ ಪುಟ್ಟ ಡ್ರೈವ್) ಹಿಡಿಯುವ ಒಂದು ಕಾರ್ಡ್ ತರಿಸಿ, ಉದ್ದದ ಸ್ಲಾಟ್‌ಗೆ ಹಾಕಿದೆವು. ನಾಲ್ಕೂ ಹಾಕಿದರೂ ಒಂದೇ ಕಾಣುತ್ತದೆ. ಕಾರ್ಡ್ ಕೆಟ್ಟದ್ದಾ? ಪ್ರೊಸೆಸರ್ 12ನೇ ಪೀಳಿಗೆಯ ಐ5, ಬೋರ್ಡ್ ಬಿ660. (ಓದುಗರು, ಶಿವಮೊಗ್ಗ)

ಉತ್ತರ: ಕಾರ್ಡ್ ಚೆನ್ನಾಗಿಯೇ ಇದೆ, ನಿಮ್ಮ ಬೋರ್ಡ್‌ಗೆ ಒಗ್ಗುವುದಿಲ್ಲ. ಆ ಕಾರ್ಡ್‌ನಲ್ಲಿ ಬುದ್ಧಿ ಅನ್ನುವ ಚಿಪ್ ಇಲ್ಲ, ಬರೀ ದಾರಿ. ಸ್ಲಾಟ್‌ನ 16 ಲೇನನ್ನು ನಾಲ್ಕು ನಾಲ್ಕಾಗಿ ಒಡೆದು ಕೊಡುವ ಕೆಲಸ ಪ್ರೊಸೆಸರೂ ಬೋರ್ಡೂ ಮಾಡಬೇಕು. ಇದಕ್ಕೆ ಬೈಫರ್ಕೇಶನ್ ಅನ್ನುತ್ತಾರೆ. ಒಡೆಯದಿದ್ದರೆ ಮೊದಲ ನಾಲ್ಕು ಲೇನ್‌ನಲ್ಲಿರುವ ಎಸ್‌ಎಸ್‌ಡಿ ಮಾತ್ರ ಕಾಣುತ್ತದೆ, ನಿಮಗೆ ಆಗಿರುವುದು ಅದೇ. ಇಂಟೆಲ್‌ನ 12ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಆ ಸ್ಲಾಟನ್ನು ಹೆಚ್ಚೆಂದರೆ ಎಂಟು ಎಂಟಾಗಿ ಒಡೆಯುತ್ತವೆ. ಅದೂ ಝಡ್ ಸರಣಿಯಂಥ ದೊಡ್ಡ ಬೋರ್ಡ್‌ಗಳಲ್ಲಿ. ಅಂದರೆ ದೊಡ್ಡ ಬೋರ್ಡ್ ಹಾಕಿಸಿದರೂ ಈ ಕಾರ್ಡ್‌ನಲ್ಲಿ ಎರಡೇ ಎಸ್‌ಎಸ್‌ಡಿ ಕಾಣುತ್ತಿದ್ದವು. ಎಎಂಡಿಯ ಅನೇಕ ಬೋರ್ಡ್‌ಗಳಲ್ಲಿ ನಾಲ್ಕು ಭಾಗ ಆಗುತ್ತದೆ, ಅಲ್ಲೂ ಬೋರ್ಡ್‌ನ ಪುಸ್ತಕ ನೋಡಿಯೇ ನಂಬಬೇಕು.

ಸ್ವಿಚ್ ಚಿಪ್ ಇರುವ ಕಾರ್ಡ್‌ಗಳು ಯಾವ ಬೋರ್ಡ್‌ನಲ್ಲೂ ನಾಲ್ಕನ್ನೂ ತೋರಿಸುತ್ತವೆ, ಬೆಲೆ ಮಾತ್ರ ಕೇಳಬೇಡಿ. ಹೋಗಲಿ, ನನಗೆ ಒಂದು ಅನುಮಾನ. ಉದ್ದದ ಸ್ಲಾಟ್‌ಗೆ ಇದನ್ನು ಹಾಕಿದ್ದೀರಿ ಅಂದರೆ ಗ್ರಾಫಿಕ್ಸ್ ಕಾರ್ಡನ್ನು ಎಲ್ಲಿಟ್ಟಿರಿ? ಎಡಿಟಿಂಗ್‌ಗೆ ಅದು ಬೇಕಲ್ಲ. ಈ ಕಾರ್ಡನ್ನು ವಾಪಸ್ ಮಾಡಿ. ಬೋರ್ಡ್ ಮೇಲಿನ ಎಂ.2 ಜಾಗ ಎಲ್ಲ ತುಂಬಿದೆಯಾ ನೋಡಿ, ಹೀಟ್‌ಸಿಂಕ್ ಕೆಳಗೆ ಒಂದು ಖಾಲಿ ಇರುವುದು ಮಾಮೂಲು. ಕೆಳಗಿನ ನಾಲ್ಕು ಲೇನಿನ ಸ್ಲಾಟ್‌ಗೆ ಒಂದೇ ಎಸ್‌ಎಸ್‌ಡಿ ಹಿಡಿಯುವ ಸಾದಾ ಅಡಾಪ್ಟರ್ ಹಾಕಿ. ಮುಗಿದ ಮದುವೆಗಳನ್ನು ದೊಡ್ಡ ಹಾರ್ಡ್ ಡಿಸ್ಕ್‌ಗೆ ಸಾಗಿಸಿ. ಅವಕ್ಕೆ ಎಸ್‌ಎಸ್‌ಡಿ ಯಾಕೆ?

ಪ್ರಶ್ನೆ: ಎಐ ಕಲಿಯಲು ಹಳೇ ಸರ್ವರ್‌ನಿಂದ ತೆಗೆದ ಟೆಸ್ಲಾ ಪಿ40 ಕೊಂಡೆ, 24 ಜಿಬಿ. ಪವರ್ ಕೇಬಲ್ ಕೊಡಲಿಲ್ಲ. ನನ್ನ ಎಸ್‌ಎಂಪಿಎಸ್‌ನ 8 ಪಿನ್ ಗ್ರಾಫಿಕ್ಸ್ ಕೇಬಲ್ ಕೂರುತ್ತಿಲ್ಲ. ಗೆಳೆಯ ‘ಪ್ಲಾಸ್ಟಿಕ್ ಮೂಲೆ ಸ್ವಲ್ಪ ಕೆರೆದು ಒತ್ತು, ಕೂರುತ್ತೆ’ ಅಂತಾನೆ. (ಓದುಗರು, ಹುಬ್ಬಳ್ಳಿ)

ಉತ್ತರ: ಗೆಳೆಯನ ಕೈಗೆ ಚಾಕು ಕೊಡಬೇಡಿ! ಆ ಮೂಲೆ ಅಡ್ಡ ಬರುತ್ತಿರುವುದೇ ನಿಮ್ಮ ಕಾರ್ಡ್ ಉಳಿಸಲು.

ಪಿ40 ಕೇಳುವುದು ಗ್ರಾಫಿಕ್ಸ್ ಕೇಬಲ್ ಅಲ್ಲ, ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಪಕ್ಕ ಚುಚ್ಚುವ ಇಪಿಎಸ್ 8 ಪಿನ್. ಎರಡೂ ಎಂಟು ಪಿನ್, ನೋಡಲು ಅಣ್ಣತಮ್ಮಂದಿರ ಹಾಗೆ. ಒಳಗೆ ತದ್ವಿರುದ್ಧ. ಹಳದಿ, ಕಪ್ಪು ವೈರ್ ಇರುವ ಕೇಬಲ್ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿ. ಪ್ರೊಸೆಸರ್ ಕೇಬಲ್‌ನಲ್ಲಿ ಕ್ಲಿಪ್ ಇರುವ ಕಡೆಯ ಸಾಲು ಹಳದಿ, ಅಂದರೆ 12 ವೋಲ್ಟ್. ಗ್ರಾಫಿಕ್ಸ್ ಕೇಬಲ್‌ನಲ್ಲಿ ಕ್ಲಿಪ್ ಇರುವ ಕಡೆ ಕಪ್ಪು, ಅಂದರೆ ಗ್ರೌಂಡ್. ಕೆರೆದು ಒತ್ತಿದರೆ 12 ವೋಲ್ಟ್ ನೇರ ಗ್ರೌಂಡ್‌ಗೆ ಸೇರುತ್ತದೆ.

ನಿಮಗೆ ಬೇಕಾದದ್ದು ಎರಡು 8 ಪಿನ್ ಗ್ರಾಫಿಕ್ಸ್ ಕೇಬಲ್ ಸೇರಿ ಒಂದು ಇಪಿಎಸ್ ಆಗುವ ಅಡಾಪ್ಟರ್. ಟೆಸ್ಲಾ ಕಾರ್ಡ್‌ಗೆ ಅಂತ ಕೇಳಿದರೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಈ ಕಾರ್ಡ್ 250 ವ್ಯಾಟ್‌ದು, ಹಾಗಾಗಿ ಎರಡು ತುದಿಗೂ ಎಸ್‌ಎಂಪಿಎಸ್‌ನಿಂದ ಬೇರೆ ಬೇರೆ ಕೇಬಲ್ ಎಳೆಯಿರಿ. ಎಸ್‌ಎಂಪಿಎಸ್‌ನಿಂದಲೇ ಬಿಚ್ಚಿ ತೆಗೆಯುವ ಥರದ ಕೇಬಲ್ ನಿಮ್ಮದಾಗಿದ್ದರೆ ಇನ್ನೊಂದು ಎಚ್ಚರ. ಬೇರೆ ಕಂಪನಿಯ ಎಸ್‌ಎಂಪಿಎಸ್‌ನ ಕೇಬಲ್ ಎರವಲು ತಂದು ಹಾಕಬೇಡಿ. ಕಾರ್ಡ್ ಕಡೆಯ ತುದಿಗೆ ಎಲ್ಲರದ್ದೂ ಒಂದೇ ನಿಯಮ, ಎಸ್‌ಎಂಪಿಎಸ್ ಕಡೆಯ ತುದಿಗೆ ಯಾವ ನಿಯಮವೂ ಇಲ್ಲ. ಸಲೀಸಾಗಿ ಕೂರುತ್ತದೆ, ಕೂತು ಸುಡುತ್ತದೆ. ವೈರ್ ಎಲ್ಲ ಕಪ್ಪಾಗಿದ್ದರೆ ಮಲ್ಟಿಮೀಟರ್ ಇಟ್ಟು, ಗ್ರೌಂಡ್ ಯಾವ ಕಡೆ ಇದೆ ಅಂತ ಬೀಪ್ ಕೇಳಿಕೊಂಡು, ಆಮೇಲೆ ಕಾರ್ಡ್‌ಗೆ ಹಾಕಿ.

ಕೇಬಲ್ ಆದ ಮೇಲೂ ಕಾರ್ಡ್ ಕಾಣದಿದ್ದರೆ ಬಯೋಸ್‌ನಲ್ಲಿ ‘ಅಬೌ 4ಜಿ ಡಿಕೋಡಿಂಗ್’ ಆನ್ ಮಾಡಿ. ಇದಕ್ಕೆ ಮಾನಿಟರ್ ಪೋರ್ಟ್ ಇಲ್ಲ, ಪರದೆಗೆ ಬೇರೆ ದಾರಿ ಇರಲಿ. ಫ್ಯಾನ್ ಕೂಡ ಇಲ್ಲ. ಸರ್ವರ್‌ನಲ್ಲಿ ಮುಂದಿನಿಂದ ಬಿರುಗಾಳಿಯ ಹಾಗೆ ಗಾಳಿ ಬರುತ್ತಿತ್ತು, ನಿಮ್ಮ ಕ್ಯಾಬಿನೆಟ್‌ನಲ್ಲಿ ಅದಿಲ್ಲ. ಕಾರ್ಡ್‌ನ ಹಿಂಬದಿಗೆ ಬ್ಲೋವರ್ ಫ್ಯಾನ್ ಕಟ್ಟಲೇಬೇಕು, ಅದಕ್ಕೆ 3ಡಿ ಪ್ರಿಂಟ್ ಮಾಡಿದ ಮೂತಿ ಸಿಗುತ್ತದೆ. ಮಿಕ್ಸಿಯಷ್ಟಲ್ಲದಿದ್ದರೂ ಸದ್ದು ಜೋರಾಗೇ ಇರುತ್ತದೆ. ಮಲಗುವ ಕೋಣೆಯಲ್ಲಿ ಇಡುವ ಯೋಚನೆ ಇದ್ದರೆ ಮನೆಯವರನ್ನು ಮೊದಲೇ ಕೇಳಿಕೊಳ್ಳಿ.